‘ಎರಡು ಹೆತ್ತವಳಿಗೆ ಇದೇನು ನೋವು’ ಅಂದರಂತೆ

ಪ್ರಶ್ನೆ: ನನಗೆ 62 ವರ್ಷ. ಅಂಕೋಲಾ ಕಡೆಯವಳು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದೆ. ಮುಟ್ಟು ನಿಂತು 12 ವರ್ಷ ಆಯ್ತು, ಮನೆಯವರು ತೀರಿಕೊಂಡು 9 ವರ್ಷ. ಎರಡು ವರ್ಷದ ಹಿಂದೆ ಮೊದಲ ಸಲ ಪ್ಯಾಪ್ ಸ್ಮಿಯರ್ (ಗರ್ಭಚೀಲದ ಬಾಯಿಯ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಮಾಡಿಸಲು ಹೋಗಿದ್ದೆ. ಒಳಗೆ ಉಪಕರಣ ಹಾಕಿದಾಗ ಜೀವ ಹೋದ ಹಾಗಾಯ್ತು, ಕೂಗಿಕೊಂಡೆ. ‘ಎರಡು ಹೆತ್ತವಳಿಗೆ ಇದೇನು ನೋವು’ ಅಂತ ಪರೀಕ್ಷೆ ಮಾಡುತ್ತಿದ್ದವರು ಅಂದರು. ಎರಡು ದಿನ ಸ್ವಲ್ಪ ರಕ್ತ ಕಂಡಿತು. ಸ್ಯಾಂಪಲ್ ಸಾಕಾಗಿಲ್ಲ, ಮತ್ತೆ ಮಾಡಿಸಿ ಅಂತ ರಿಪೋರ್ಟ್ ಬಂತು. ನಾನು ಹೋಗಲಿಲ್ಲ. ಬೆಂಗಳೂರಲ್ಲಿರುವ ಮಗಳು ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾಳೆ. ಈ ವಯಸ್ಸಿಗೆ, ಅದೂ ಒಬ್ಬಳೇ ಇರುವವಳಿಗೆ, ಇದು ಬೇಕಾ?

ಉತ್ತರ: ಅಕ್ಕೋರೇ, ಮೊದಲು ಆ ಮಾತಿನ ಲೆಕ್ಕ ಮುಗಿಸಿಬಿಡೋಣ, ಆಮೇಲೆ ಪರೀಕ್ಷೆಗೆ ಬರೋಣ. ನಿಮ್ಮನ್ನು ತಡೆದು ನಿಲ್ಲಿಸಿರುವುದು ನೋವು ಅರ್ಧ, ಆ ಮಾತು ಅರ್ಧ ಅಂತ ನನಗೆ ಅನ್ನಿಸುತ್ತದೆ.

ಮಕ್ಕಳನ್ನು ಹೆತ್ತಾಗ ನಿಮಗೆ ಇಪ್ಪತ್ತೈದೋ ಮೂವತ್ತೋ ಇರಬೇಕು. ಬಸುರಿಯಲ್ಲಿ ಈಸ್ಟ್ರೋಜನ್ ಹಾರ್ಮೋನು ಮೈತುಂಬ ಇರುತ್ತದೆ. ಯೋನಿಯ ಒಳಚರ್ಮ ದಪ್ಪ, ಮೆತ್ತಗೆ, ಎಳೆದರೆ ಹಿಗ್ಗುತ್ತದೆ, ಒಳಗೆ ಪಸೆ ಇರುತ್ತದೆ. ಮುಟ್ಟು ನಿಂತ ಮೇಲೆ ಆ ಹಾರ್ಮೋನು ತೀರಾ ಕಡಿಮೆಯಾಗುತ್ತದೆ. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳುವಾಗುತ್ತದೆ, ಒಣಗುತ್ತದೆ, ದಾರಿ ಕಿರಿದಾಗುತ್ತದೆ, ಸುಮ್ನೆ ತಾಗಿದರೂ ರಕ್ತ ಜಿನುಗುತ್ತದೆ. ಹಾಗಾಗಿ ಮೂವತ್ತು ವರ್ಷದ ಹಿಂದಿನ ಹೆರಿಗೆಯನ್ನು ಹಿಡಿದು ಇವತ್ತಿನ ನೋವನ್ನು ಅಳೆಯುವುದು ಶುದ್ಧ ತಪ್ಪು. ನೀವು ಕೂಗಿದ್ದು ನಾಟಕ ಅಲ್ಲ, ಅಂಜುಬುರುಕುತನವೂ ಅಲ್ಲ.

ಕುಮಟಾದಲ್ಲಿ ಕೂತು ರೋಗಿಗಳನ್ನು ನೋಡಲು ಶುರುಮಾಡಿದ ಹೊಸದರಲ್ಲಿ ನಾನೂ ಇಂಥ ಮಾತು ಆಡಿದ್ದೇನೆ. ಹೊರಗೆ ಅರವತ್ತು ಜನ ಕಾಯುತ್ತಿದ್ದರು ಅನ್ನುವುದು ಕಾರಣ ಇರಬಹುದು, ಸಮರ್ಥನೆ ಖಂಡಿತ ಅಲ್ಲ. ಒಮ್ಮೆ ಗೋಕರ್ಣ ಕಡೆಯಿಂದ ಬಂದ ಮೀನು ಮಾರುವ ಅಜ್ಜಿಯೊಬ್ಬರು ಮೇಜಿನ ಮೇಲಿಂದಲೇ ನನ್ನ ಕೈ ಹಿಡಿದು, ‘ಡಾಕ್ಟ್ರಮ್ಮ, ಬಳೆಗಾರನೂ ಇಷ್ಟು ಅವಸರ ಮಾಡೂದಿಲ್ಲ’ ಅಂದರು. ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಪೂರಾ ಸರಿ. ಒಳ್ಳೆಯ ಬಳೆಗಾರ ಏನು ಮಾಡುತ್ತಾನೆ? ಕೈ ನೋಡಿ ಅಳತೆ ಆರಿಸುತ್ತಾನೆ. ಸ್ವಲ್ಪ ಸೋಪು ಹಚ್ಚುತ್ತಾನೆ. ಬೆರಳು ಮಡಚಿಸಿ, ಊರಿನ ಸುದ್ದಿ ಕೇಳುತ್ತಾ ಕೈ ಸಡಿಲ ಆಗುವವರೆಗೆ ಕಾಯುತ್ತಾನೆ. ನೀವು ಕೈ ಬಿಗಿ ಹಿಡಿದರೆ ಬಳೆ ಒಡೆಯುತ್ತದೆ ಅಂತ ಅವನಿಗೆ ಗೊತ್ತು. ನಾವು ಇದರಲ್ಲಿ ಒಂದನ್ನೂ ಮಾಡದೆ ‘ಸಡಿಲ ಬಿಡಿ, ಸಡಿಲ ಬಿಡಿ’ ಅಂತ ಗದರುತ್ತೇವೆ. ಗದರಿದರೆ ಯಾರ ಮೈ ಸಡಿಲ ಆಗುತ್ತದೆ ಹೇಳಿ.

ಇನ್ನು, ಬೇಕಾ ಅನ್ನುವ ಪ್ರಶ್ನೆ. ನಿಮ್ಮ ವಿಷಯದಲ್ಲಿ ಬೇಕು. 62 ವರ್ಷಕ್ಕೆ ಒಂದು ಸಲವೂ ಸರಿಯಾದ ರಿಪೋರ್ಟ್ ನಿಮ್ಮ ಕೈಗೆ ಬಂದಿಲ್ಲ ಅಲ್ವಾ, ಅದಕ್ಕೆ. ‘ಸ್ಯಾಂಪಲ್ ಸಾಕಾಗಿಲ್ಲ’ ಅಂದರೆ ಕ್ಯಾನ್ಸರ್ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಉತ್ತರ ಪತ್ರಿಕೆ ಖಾಲಿ ಬಂದಿದೆ ಅಷ್ಟೇ, ಅಂಕ ಕೊಡಲು ಆಗಿಲ್ಲ. ಮುಟ್ಟು ನಿಂತವರಲ್ಲಿ ಇದು ಜಾಸ್ತಿ, ಒಣಗಿದ ಜಾಗದಿಂದ ಬ್ರಷ್‌ಗೆ ಸಾಕಷ್ಟು ಜೀವಕೋಶ ಬರುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ತಿಂಗಳೊಳಗೆ ಮತ್ತೆ ಮಾಡಿಸಬೇಕು. ನಿಮ್ಮದು ಎರಡು ವರ್ಷ ಆಗಿದೆ.

ಒಬ್ಬಳೇ ಇರುವವಳಿಗೆ ಯಾಕೆ ಅಂತ ಕೇಳಿದ್ದೀರಿ. ಇದನ್ನು ಬಹಳ ಜನ ಕೇಳಲು ನಾಚಿಕೊಳ್ಳುತ್ತಾರೆ, ನೀವು ಕೇಳಿದ್ದು ಒಳ್ಳೆಯದಾಯ್ತು. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಅನ್ನುವ ವೈರಸ್. ಗಂಡಹೆಂಡಿರ ಸಂಬಂಧ ಇರುವ ಹೆಚ್ಚಿನವರಿಗೆ ಜೀವನದಲ್ಲಿ ಯಾವಾಗಲಾದರೂ ಅದು ತಗಲಿಯೇ ಇರುತ್ತದೆ. ಹತ್ತರಲ್ಲಿ ಒಂಬತ್ತು ಜನರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿದು, 15-20 ವರ್ಷದ ಮೇಲೆ ಕ್ಯಾನ್ಸರಿಗೆ ತಿರುಗಬಹುದು. ಹಾಗಾಗಿ 9 ವರ್ಷದಿಂದ ಒಬ್ಬರೇ ಇದ್ದೀರಿ ಅನ್ನುವುದು ರಕ್ಷೆ ಆಗುವುದಿಲ್ಲ. ಇದರಲ್ಲಿ ನಡತೆಯ ಮಾತೇ ಇಲ್ಲ, ಯಾರ ನಡತೆಯದ್ದೂ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕಿಂತ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ. ಹೆಂಗಸರ ಕ್ಯಾನ್ಸರ್‌ಗಳಲ್ಲಿ ಸ್ತನದ್ದು ಬಿಟ್ಟರೆ ಇದೇ ಎರಡನೆಯದು. ಕ್ಯಾನ್ಸರ್ ಆಗುವ ಮೊದಲೇ ಹಿಡಿದು ವಾಸಿ ಮಾಡಬಹುದಾದದ್ದೂ ಇದೇ, ಹೊಟ್ಟೆ ಉರಿಯುವುದು ಅಲ್ಲಿ.

ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮಗೆ ಗರ್ಭಚೀಲ ತೆಗೆದಿದ್ದಾರಾ? ನೀವು ಬರೆದಿಲ್ಲ, ಇಲ್ಲ ಅಂದುಕೊಂಡಿದ್ದೇನೆ. ಕ್ಯಾನ್ಸರಿಗೆ ಸಂಬಂಧ ಇಲ್ಲದ ಕಾರಣಕ್ಕೆ ಗರ್ಭಚೀಲವನ್ನು ಬಾಯಿ ಸಮೇತ ಪೂರ್ತಿ ತೆಗೆದಿದ್ದರೆ ಈ ಪರೀಕ್ಷೆ ಬೇಡ. ಕೆಲವರಿಗೆ ಮೇಲಿನ ಭಾಗ ಮಾತ್ರ ತೆಗೆದು ಬಾಯಿ ಉಳಿಸಿರುತ್ತಾರೆ, ಅವರಿಗೆ ಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುತ್ತದೆ. ಓದುವ ನಿಮ್ಮ ಗೆಳತಿಯರಿಗೆ ಉಪಯೋಗ ಆದೀತು ಅಂತ ಹೇಳಿದೆ.

ಈಗ ದಾರಿ ಯಾವುದು ನೋಡೋಣ. ನನ್ನ ಮಟ್ಟಿಗೆ ಎರಡಿವೆ. ಒಂದು, ಒಳಗೆ ಏನೂ ದೊಡ್ಡದನ್ನು ಹಾಕದೆ ಪರೀಕ್ಷೆ ಮಾಡುವುದು. ಇನ್ನೊಂದು, ಮೂರು ವಾರ ಜಾಗವನ್ನು ತಯಾರು ಮಾಡಿಕೊಂಡು ಆಮೇಲೆ ಹೋಗುವುದು. ಸೀದಾ ಹೋಗಿ ಅದೇ ಮೇಜಿನ ಮೇಲೆ ಹಲ್ಲು ಕಚ್ಚಿ ಮಲಗಿ ಅಂತ ಮಾತ್ರ ನಾನು ಹೇಳುವುದಿಲ್ಲ.

ಮೊದಲನೆಯದು ಎಚ್‌ಪಿವಿ ಪರೀಕ್ಷೆ. ಪ್ಯಾಪ್‌ನಲ್ಲಿ ಜೀವಕೋಶ ಬದಲಾಗಿದೆಯಾ ಅಂತ ನೋಡುತ್ತಾರೆ, ಇದರಲ್ಲಿ ವೈರಸ್ಸೇ ಇದೆಯಾ ಅಂತ ಹುಡುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಇದನ್ನೇ ಮೊದಲ ಆಯ್ಕೆ ಅಂತ ಹೇಳುತ್ತಿದೆ. ನಮ್ಮ ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಹಳ್ಳಿ ಹೆಂಗಸರ ಮೇಲೆ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಬರೀ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ, ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎಲ್ಲೋ ಅಮೆರಿಕದ ಲೆಕ್ಕ ಅಲ್ಲ ಅದು, ನಮ್ಮ ತರದ ಹಳ್ಳಿಗಳದ್ದು.

ನಿಮಗೆ ಬೇಕಾದ ಮುಖ್ಯ ಸಂಗತಿ ಇದು: ಈ ಪರೀಕ್ಷೆಗೆ ಸ್ಯಾಂಪಲ್ ಅನ್ನು ನೀವೇ ತೆಗೆದುಕೊಳ್ಳಬಹುದು. ಕೋವಿಡ್‌ನಲ್ಲಿ ಮೂಗಿಗೆ ಹಾಕಿದ್ದರಲ್ಲ, ಹೆಚ್ಚುಕಡಿಮೆ ಆ ತರದ ಒಂದು ಕಡ್ಡಿ ಅಥವಾ ಮೆತ್ತನೆ ಬ್ರಷ್. ಬಾಗಿಲು ಹಾಕಿಕೊಂಡು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಅಥವಾ ಮಂಡಿ ಕೇಳುವುದಿಲ್ಲ ಅಂದರೆ ಮಲಗಿಕೊಂಡೇ, ನಡುಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಒಳಗೆ ಬಿಟ್ಟು, ನಿಧಾನಕ್ಕೆ ಇಪ್ಪತ್ತು ಎಣಿಸುವವರೆಗೆ ತಿರುಗಿಸಿ, ತೆಗೆದು ಅವರು ಕೊಟ್ಟ ಟ್ಯೂಬಿಗೆ ಹಾಕಿ ಮುಚ್ಚಳ ತಿರುಗಿಸಿದರೆ ಆಯ್ತು. ಗರ್ಭಚೀಲದ ಬಾಯಿಗೆ ತಾಗಲೇಬೇಕು ಅಂತಿಲ್ಲ, ವೈರಸ್ ಇದ್ದರೆ ಯೋನಿಯ ಒಳಗೆ ಸಿಗುತ್ತದೆ. ಪಿಸಿಆರ್ ವಿಧಾನದ ಪರೀಕ್ಷೆಯಾದರೆ ಡಾಕ್ಟರು ತೆಗೆದ ಸ್ಯಾಂಪಲ್ಲಿಗೂ ನೀವು ತೆಗೆದದ್ದಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ತಪಾಸಣೆಯ ವಯಸ್ಸಿನ ಎಲ್ಲ ಹೆಂಗಸರಿಗೂ ಈ ಆಯ್ಕೆ ಇದೆ.

ನಮ್ಮಲ್ಲಿ ಎಲ್ಲ ಕಡೆ ಇನ್ನೂ ಬಂದಿಲ್ಲ, ಬೇಜಾರಿನ ವಿಷಯ. ಕ್ಷಯಕ್ಕೂ ಕೋವಿಡ್‌ಗೂ ತಾಲೂಕು ಆಸ್ಪತ್ರೆಗಳಲ್ಲಿ ಟ್ರೂನಾಟ್ ಅನ್ನುವ ಸಣ್ಣ ಮೆಷಿನ್ ಬಳಸಿದ್ದು ನೀವು ಕೇಳಿರಬಹುದು. ಅದನ್ನು ಮಾಡುವ ಕಂಪನಿ ಕಾರವಾರದಾಚೆ, ಗೋವಾದಲ್ಲೇ ಇದೆ. ಆ ಮೆಷಿನ್ನಿಗೆ ಎಚ್‌ಪಿವಿ ಪರೀಕ್ಷೆಯ ಚಿಪ್ ಕೂಡ ಬಂದಿದೆ. ಸದ್ಯಕ್ಕೆ ಖಾಸಗಿ ಲ್ಯಾಬ್‌ಗಳಲ್ಲಿ ಪ್ಯಾಪ್‌ಗಿಂತ ದುಬಾರಿ, ಫೋನ್ ಮಾಡಿ ಮೊದಲೇ ಕೇಳಿ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಕ್ರಿಮ್ಸ್‌ನಲ್ಲಿ, ಹುಬ್ಬಳ್ಳಿಯಲ್ಲಿ, ಮಣಿಪಾಲದಲ್ಲಿ ಸ್ತ್ರೀರೋಗ ವಿಭಾಗಕ್ಕೆ ಹೋದಾಗ ‘ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಇದೆಯಾ, ಸ್ಯಾಂಪಲ್ ನಾನೇ ತೆಗೆದುಕೊಡಬಹುದಾ’ ಅಂತ ಇಷ್ಟೇ ಮಾತಿನಲ್ಲಿ ಕೇಳಿ. ಕೇಳುವವರು ಜಾಸ್ತಿ ಆದರೆ ತಾನೇ ಅವರೂ ತರಿಸುವುದು.

ವೈರಸ್ ಇಲ್ಲ ಅಂತ ಬಂದರೆ ಐದು ವರ್ಷಕ್ಕೂ ಮೇಲೆ ನಿರಾಳ. ಐವತ್ತು ದಾಟಿದವರಿಗೆ, ಸರಿಯಾದ ಅಂತರದಲ್ಲಿ ಸಾಲಾಗಿ ಎರಡು ಸಲ ‘ಇಲ್ಲ’ ಅಂತ ಬಂದರೆ ಅಲ್ಲಿಗೆ ನಿಲ್ಲಿಸಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಈಗ ಒಂದು, 67ರ ಹೊತ್ತಿಗೆ ಇನ್ನೊಂದು. ಮುಗೀತು. ಇದೆ ಅಂತ ಬಂದರೆ ಕ್ಯಾನ್ಸರ್ ಅಂತ ಎದೆ ಹೊಡೆದುಕೊಳ್ಳಬೇಡಿ, ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಆಗ ಗರ್ಭಚೀಲದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ನೋಡಲೇಬೇಕಾಗುತ್ತದೆ. ಅದಕ್ಕೆ ಉಪಕರಣ ಬೇಕು. ಹಾಗಾಗಿ ಎರಡನೇ ದಾರಿಯೂ ನಿಮಗೆ ಗೊತ್ತಿರಲಿ.

ಅದು ಈಸ್ಟ್ರೋಜನ್ ಕ್ರೀಮು. ಒಳಗೆ ಹಚ್ಚುವುದು. ಔಷಧಿ ಅಂಗಡಿಯಲ್ಲಿ ಸಣ್ಣ ಟ್ಯೂಬ್, ಜೊತೆಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಆದರೆ ಡಾಕ್ಟರ ಚೀಟಿ ತಗೊಂಡೇ ಶುರು ಮಾಡಿ. ರಾತ್ರಿ ಮಲಗುವ ಮುಂಚೆ, ದಿನಾ, ಎರಡು ಮೂರು ವಾರ. ಕೊಳವೆ ಹಾಕುವುದೇ ನೋವು ಅಂದರೆ ಬೆರಳ ತುದಿಯಿಂದ ಯೋನಿಯ ಬಾಯಿ ಹತ್ತಿರ ಹಚ್ಚಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಒಳಗೆ. ಮೊದಲ ನಾಲ್ಕು ದಿನ ಸ್ವಲ್ಪ ಉರಿ ಅನ್ನಿಸಬಹುದು. ಎರಡನೇ ವಾರ ಕಳೆಯುವಷ್ಟರಲ್ಲಿ ಚರ್ಮ ಮೆತ್ತಗಾಗಿ ಪಸೆ ಬರುತ್ತದೆ. ಪರೀಕ್ಷೆಗೆ ಒಂದೆರಡು ದಿನ ಮುಂಚೆ ನಿಲ್ಲಿಸಿ. ಇದರಿಂದ ನೋವೂ ಕಡಿಮೆ, ಬ್ರಷ್‌ಗೆ ಜೀವಕೋಶವೂ ಚೆನ್ನಾಗಿ ಬರುತ್ತದೆ, ಹಾಗಾಗಿ ‘ಸಾಕಾಗಿಲ್ಲ’ ಅನ್ನುವ ರಿಪೋರ್ಟ್ ಮತ್ತೆ ಬರುವ ಸಂಭವವೂ ಕಮ್ಮಿ. ಉರಿಮೂತ್ರ, ಆಗಾಗ ಬಾತ್‌ರೂಮಿಗೆ ಓಡುವುದು ಇದ್ದವರಿಗೆ ಅದೂ ಎಷ್ಟೋ ವಾಸಿ ಅನ್ನಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ವಾರಕ್ಕೆ ಎರಡು ಸಲ ಮುಂದುವರಿಸಿದರೂ ಒಳ್ಳೆಯದೇ.

ಹಾರ್ಮೋನು ಅಂದಕೂಡಲೇ ಹೆದರುವವರಿದ್ದಾರೆ. ಹಚ್ಚುವ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ನಿಮಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ, ಅದರಲ್ಲೂ ಅದರ ಮಾತ್ರೆ ಇನ್ನೂ ನುಂಗುತ್ತಿದ್ದರೆ, ಆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಮುಟ್ಟು ನಿಂತ ಮೇಲೆ ಕಾರಣ ಗೊತ್ತಿಲ್ಲದೆ ರಕ್ತ ಕಾಣುತ್ತಿದ್ದರೂ ಮೊದಲು ತೋರಿಸಿ, ಆಮೇಲೆ ಕ್ರೀಮು. ತೆಂಗಿನೆಣ್ಣೆ ಆಗುತ್ತದಾ ಅಂತ ನಮ್ಮ ಕರಾವಳಿಯಲ್ಲಿ ಕೇಳದವರಿಲ್ಲ. ಹೊರಗಿನ ಒಣಗು, ಕಡಿತಕ್ಕೆ ಹಚ್ಚಿಕೊಳ್ಳಿ, ತೊಂದರೆ ಇಲ್ಲ. ಆದರೆ ತೆಳುವಾದ ಚರ್ಮವನ್ನು ಅದು ದಪ್ಪ ಮಾಡುವುದಿಲ್ಲ, ಪರೀಕ್ಷೆಯ ಹಿಂದಿನ ಎರಡು ದಿನ ಅದೂ ಬೇಡ. ಡೆಟಾಲ್ ನೀರು, ಸೋಪು ಹಾಕಿ ಒಳಗೆ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು ಆ ಉಪಕರಣ, ಸ್ಪೆಕ್ಯುಲಮ್. ಇದರ ಒಂದು ಬಗೆಯನ್ನು ಇವತ್ತಿಗೂ ಸಿಮ್ಸ್ ಸ್ಪೆಕ್ಯುಲಮ್ ಅಂತಲೇ ಕರೆಯುತ್ತೇವೆ. ಸಿಮ್ಸ್ ಅನ್ನುವವನು ಅಮೆರಿಕದ ಅಲಬಾಮಾದಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರು. 1840ರ ದಶಕದಲ್ಲಿ ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಇಲ್ಲದೆ, ಮತ್ತೆ ಮತ್ತೆ ಆಪರೇಷನ್ ಮಾಡಿ ಕಲಿತವನು. ಹೆಂಗಸು ಸಹಿಸಿಕೊಳ್ಳುತ್ತಾಳೆ ಬಿಡು ಅನ್ನುವ ಧೋರಣೆ ಆ ಉಪಕರಣದ ಜೊತೆಗೇ ನಮ್ಮ ಕೈಗೆ ಬಂದಿದೆಯೇನೋ ಅಂತ ಎಷ್ಟೋ ಸಲ ಅನ್ನಿಸುತ್ತದೆ.

ನಿಮಗೆ ಹಾಕಿದ್ದು ಬಾತುಕೋಳಿ ಕೊಕ್ಕಿನ ಹಾಗೆ ತೆರೆಯುವಂಥದ್ದು ಇರಬೇಕು. ಅದರಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಸೈಜುಗಳಿವೆ. ಟ್ರೇಯಲ್ಲಿ ಮೇಲೆ ಸಿಕ್ಕಿದ್ದು ಮಧ್ಯಮ, ಅದನ್ನೇ ಎತ್ತಿಕೊಂಡಿರುತ್ತಾರೆ. ನಾನೀಗ ಏನು ಮಾಡುತ್ತೇನೆ ಅಂದರೆ, ಸಣ್ಣದನ್ನು ಮೊದಲು ಅವರ ಕೈಗೇ ಕೊಡುತ್ತೇನೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಅಗಲ ಅಷ್ಟೇ. ತಿರುಗಿಸಿ ನೋಡುತ್ತಾರೆ, ಸ್ಕ್ರೂ ಆಡಿಸುತ್ತಾರೆ, ಒಬ್ಬರು ‘ಇಷ್ಟೇನಾ’ ಅಂತ ನಕ್ಕರು. ಆಮೇಲೆ ಬೆಚ್ಚಗಿನ ನೀರಲ್ಲಿ ಅದ್ದುತ್ತೇನೆ, ತಣ್ಣಗಿನ ಕಬ್ಬಿಣ ತಾಗಿದರೆ ಮೈ ತಾನಾಗಿ ಸೆಟೆದುಕೊಳ್ಳುತ್ತದೆ. ನೀರಿನ ಜೆಲ್ ಒಂದು ಚೂರು, ತುದಿಗೆ ಬೇಡ, ಪಕ್ಕಕ್ಕೆ. ಬಯಸಿದವರಿಗೆ ಅವರೇ ಹಾಕಿಕೊಳ್ಳಲು ಬಿಡುತ್ತೇನೆ. ಬಳೆಗಾರನ ಮಾತು ಹೇಳಿದ ಅಜ್ಜಿಗೆ ಎರಡನೇ ಸಲ ಹೀಗೇ ಮಾಡಿದ್ದು. ತಾವೇ ಹಾಕಿಕೊಂಡರು. ನಾನು ತೆರೆದು ಬ್ರಷ್ ತಿರುಗಿಸಿ ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಕಾಲು ಮೇಲೆತ್ತಿ ಮಲಗಲೇಬೇಕು ಅಂತಲೂ ಇಲ್ಲ. ಮಂಡಿ, ಸೊಂಟದ ನೋವು ಇರುವವರಿಗೆ ಎಡಮಗ್ಗುಲಾಗಿ, ಮೇಲಿನ ಮಂಡಿ ಎದೆ ಕಡೆ ಮಡಚಿ ಮಲಗಿಸಿಯೂ ಮಾಡಬಹುದು. ಬೆನ್ನಮೇಲೆ ಮಲಗಿದರೆ ನಿಮ್ಮ ಎರಡು ಮುಷ್ಟಿ ಸೊಂಟದ ಕೆಳಗಿಟ್ಟುಕೊಳ್ಳಿ. ಹೋಗುವ ಮುಂಚೆ ಮೂತ್ರ ಮಾಡಿ ಹೋಗಿ. ಉಸಿರು ಹಿಡಿಯಬೇಡಿ, ಬಾಯಿಂದ ಉದ್ದಕ್ಕೆ ಬಿಡಿ, ಕೆಮ್ಮಿದರೂ ಸರಿ. ಸೀರೆ ಉಟ್ಟು ಹೋದರೆ ಏನೂ ಬಿಚ್ಚುವುದು ಬೇಡ. ಹೊದಿಕೆ ಕೇಳಿ. ಮೇಜು ಬಾಗಿಲ ಕಡೆ ಮುಖ ಮಾಡಿದ್ದರೆ (ಎಷ್ಟು ಕಡೆ ಹಾಗೇ ಇದೆ, ಯಾರು ಹಾಗೆ ಇಡಿಸಿದರೋ!) ಚಿಲಕ ಹಾಕಿ ಅಂತ ಹೇಳಿ.

ನೀವು ಕಲಿಸಿದವರು, ಒಂದು ಚೀಟಿ ಬರೆದುಕೊಂಡು ಹೋಗಿ. ಹೀಗೆ: ‘ಹೋದ ಸಲ ತುಂಬಾ ನೋವಾಗಿ ರಕ್ತ ಬಂದಿತ್ತು. ಸ್ಯಾಂಪಲ್ ಸಾಕಾಗಿಲ್ಲ ಅಂತ ರಿಪೋರ್ಟ್ ಬಂದಿತ್ತು. ಮೂರು ವಾರ ಕ್ರೀಮು ಹಚ್ಚಿದ್ದೇನೆ. ಸಣ್ಣ ಸೈಜಿಂದು ಹಾಕಿ. ನಾನು ಕೈ ಎತ್ತಿದರೆ ನಿಲ್ಲಿಸಬೇಕು.’ ಮೇಜು ಹತ್ತುವ ಮುಂಚೆ, ಕುರ್ಚಿಯಲ್ಲಿ ಕೂತಿದ್ದಾಗಲೇ ಕೊಡಿ. ಮಲಗಿದ ಮೇಲೆ ಯಾರಿಗೂ ಬಾಯಿ ಬರುವುದಿಲ್ಲ, ನನಗೂ ಬಂದಿರಲಿಲ್ಲ. ಚೀಟಿ ನೋಡಿ ಮುಖ ಸಿಂಡರಿಸಿದರೆ ಎದ್ದು ಬನ್ನಿ, ಬೇರೆ ಡಾಕ್ಟರು ಇದ್ದಾರೆ. ಕೈ ಎತ್ತಿದ ಮೇಲೂ ಅವರು ನಿಲ್ಲಿಸದಿದ್ದರೆ ‘ತೆಗೀರಿ’ ಅಂತ ಜೋರಾಗಿ ಹೇಳಿ. ನಡುವೆ ನಿಲ್ಲಿಸಿದ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಬಹುದು.

ಇಷ್ಟೆಲ್ಲ ಮಾಡಿಯೂ ನೋವು ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು. ಹೊರಚರ್ಮ ಬೆಳ್ಳಗಾಗಿ ವಿಪರೀತ ಕಡಿಯುವ ಒಂದು ಚರ್ಮರೋಗ ಇದೆ, ಹಳೇ ಹೊಲಿಗೆಯ ಗಂಟು ಇರಬಹುದು, ಗರ್ಭಚೀಲ ಜಾರಿರಬಹುದು, ಹೆದರಿಕೆಗೆ ಕೆಳಗಿನ ಸ್ನಾಯು ತಾನಾಗಿ ಬಿಗಿದುಕೊಳ್ಳುವುದೂ ಇದೆ. ಹಿಂದೆ ಯಾರಿಂದಲೋ ಬಲವಂತ ಆದವರ ಮೈ ಅದನ್ನು ಮರೆತಿರುವುದಿಲ್ಲ. ಅಂಥವರು ವಿವರ ಹೇಳಬೇಕಾಗಿಲ್ಲ, ‘ನನಗೆ ಇದು ಕಷ್ಟ’ ಅಂದರೆ ಸಾಕು. ಏನು ಮಾಡಿದರೂ ಆಗದವರಿಗೆ ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು ನೋಡುವ ವ್ಯವಸ್ಥೆಯೂ ಇದೆ.

ಶಿಬಿರದ ಬಗ್ಗೆ ಒಂದು ಮಾತು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಅಲ್ಲಿ ಹೆಚ್ಚಾಗಿ ಮಾಡುವುದು ವಿನೆಗರ್ ತರದ ದ್ರಾವಣ ಹಚ್ಚಿ, ಬೆಳ್ಳಗಾಗುತ್ತದಾ ಅಂತ ಬರಿಗಣ್ಣಲ್ಲಿ ನೋಡುವುದು. ನಿಮ್ಮ ಮಗಳ ವಯಸ್ಸಿನವರಿಗೆ ಒಳ್ಳೆಯದೇ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅಲ್ಲಿ ‘ಏನಿಲ್ಲ’ ಅಂದದ್ದನ್ನು ನಿಮ್ಮ ವಯಸ್ಸಿಗೆ ನಂಬಲು ಆಗುವುದಿಲ್ಲ. ಯಾವ ಪರೀಕ್ಷೆ ಮಾಡುತ್ತೀರಿ ಅಂತ ಕೇಳಿ.

ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ, ಕೆಟ್ಟ ವಾಸನೆಯ ಬಿಳಿ ಸೆರಗು ಹೋದರೂ, ಅದು ತಪಾಸಣೆಗೆ ಕಾಯುವ ವಿಷಯವೇ ಅಲ್ಲ, ಆ ವಾರವೇ ತೋರಿಸಿ. ಪರೀಕ್ಷೆ ಆದ ಮೇಲೆ ಒಂದೆರಡು ದಿನ ಕಂಡ ಕಲೆ ಬೇರೆ, ಅದಕ್ಕೆ ಹೆದರಬೇಡಿ.

ನಮ್ಮ ಜಿಲ್ಲೆಯಲ್ಲಿ ದೊಡ್ಡಾಸ್ಪತ್ರೆ ಅಂದರೆ ಘಟ್ಟ ಹತ್ತಬೇಕು, ಇಲ್ಲ ದಕ್ಷಿಣಕ್ಕೆ ಮಣಿಪಾಲಕ್ಕೋ ಉತ್ತರಕ್ಕೆ ಗೋವಾಕ್ಕೋ ಓಡಬೇಕು, ಆ ಕೂಗು ಹಳೆಯದು. ಆದರೆ ಈ ಕೆಲಸಕ್ಕೆ ಅಷ್ಟು ದೂರ ಬೇಡ. ಮಳೆ ನಿಲ್ಲಲಿ, ಚೌತಿ ಮುಗಿಯಲಿ, ಬಂಡಿಹಬ್ಬ ಆಗಲಿ ಅಂತ ಮುಂದೂಡಿ ಎರಡು ವರ್ಷ ಆಗಿದೆ. ಈ ವಾರ ಕ್ರೀಮಿನ ಚೀಟಿ ಬರೆಸಿಕೊಳ್ಳಿ, ಮೂರು ವಾರ ಬಿಟ್ಟು ದಿನ ಗೊತ್ತು ಮಾಡಿ. ಮಗಳು ಬಂದು ಜೊತೆಗೆ ನಿಲ್ಲಲಿ. ಅವಳಿಗೆ ಮೂವತ್ತು ದಾಟಿರಬೇಕಲ್ಲ, ದಿನಾ ನಿಮ್ಮನ್ನು ಕೇಳುವವಳು ತಾನು ಮಾಡಿಸಿದ್ದಾಳಾ ಅಂತ ಒಮ್ಮೆ ಕೇಳಿ ನೋಡಿ.